ಇಲಿ ಕಚ್ಚಿದ ಬೀಟ್‌ರೂಟ್

ಹೆದರಿಕೆ ಕೆಟ್ಟದ್ದು ಎಂದು ಬುದ್ಧಿ ಹೇಳುವವರು ಯಾರೂ ಗ್ಯಾಸ್ ಗೋದಾಮಿನಲ್ಲಿ ಕೆಲಸ ಮಾಡಿದವರಲ್ಲ. ಅಲ್ಲಿ ಇಡೀ ಬೀದಿ ಹಾರಿಹೋಗುವುದಕ್ಕೆ ಒಬ್ಬ ಧೈರ್ಯವಂತ ಸಾಕು. ನೊರೆಯಣ್ಣ ತಲೆ ನರೆಯುವವರೆಗೂ ಅಂಥದೊಂದು ಗೋದಾಮಿನಲ್ಲಿ ದುಡಿದ. ಅಷ್ಟು ಕಾಲ ಅಲ್ಲಿ ಒಂದು ಬೆಂಕಿಕಡ್ಡಿಯಷ್ಟೂ ಅನಾಹುತ ಆಗಲಿಲ್ಲವೆಂದರೆ ಅದಕ್ಕೆ ಅವನ ಪುಕ್ಕಲುತನವೇ ಕಾರಣ.

ಅವನ ಕೆಲಸ ಸಿಲಿಂಡರ್ ಸೋರುತ್ತಿದೆಯೋ ಇಲ್ಲವೋ ನೋಡುವುದು. ಬ್ರಷ್ಷಿನಿಂದ ಸೋಪಿನ ನೀರನ್ನು ಸಿಲಿಂಡರಿನ ಬಾಯಿಗೆ ಬಳಿಯಬೇಕು, ಗುಳ್ಳೆ ಏಳುತ್ತದೆಯೇ ಎಂದು ಕಣ್ಣು ಮಿಟುಕಿಸದೆ ನೋಡಬೇಕು, ಆಮೇಲೆ ಬಗ್ಗಿ ಮೂಸಬೇಕು. ಬೇರೆಯವರು ಒಂದು ಸಲ ಮೂಸಿದರೆ ಇವನು ಹೋದವನು ಮತ್ತೆ ಬಂದು ಮೂಸುತ್ತಿದ್ದ. ಎಲ್ಲ ಮುಗಿದ ಮೇಲೆ ಗಟ್ಟಿಯಾಗಿ "ಸೋರ್ತಿಲ್ಲ" ಅನ್ನುತ್ತಿದ್ದ. ಅವನು ಹಾಗನ್ನುವವರೆಗೆ ಲಾರಿಗೆ ಹೇರುವ ಆಳುಗಳು ಸಿಲಿಂಡರಿಗೆ ಕೈ ಹಚ್ಚುತ್ತಿರಲಿಲ್ಲ. ಕೈ ಯಾವಾಗಲೂ ನೊರೆಯಲ್ಲೇ ಇರುತ್ತಿದ್ದುದರಿಂದ ನೊರೆಯಣ್ಣನಾದ. ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆದರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಸುಮ್ಮನಿರುತ್ತಿದ್ದ.

ಗೋದಾಮಿನಲ್ಲಿ ಬೆಲೆ ಬಾಳುವ ಹೆದರಿಕೆ ಮನೆಯಲ್ಲಿ ಮೂರು ಕಾಸಿಗೂ ಬಾಳದು. ನಾಯಿ ಕಂಡರೆ ಹೆದರಿಕೆ, ಗುಡುಗಿದರೆ ಹೆದರಿಕೆ, ಲಿಫ್ಟಿನ ಬಾಗಿಲು ಮುಚ್ಚಿದರೆ ಹೆದರಿಕೆ. ಮದುವೆಯ ಮಾತೆತ್ತಿದರೆ ಜ್ವರವೇ ಬರುತ್ತಿತ್ತು. ಕೊನೆಗೆ ಮಾತೆತ್ತುವವರೇ ಸುಸ್ತಾಗಿ ಬಿಟ್ಟರು. ಅವನ ಜೊತೆ ಇದ್ದವಳು ಅಕ್ಕ. ಅಮ್ಮ ತೀರಿಕೊಂಡಾಗ ಅವನಿನ್ನೂ ಹಾಲುಹಲ್ಲಿನವನು; ಅಲ್ಲಿಂದ ಎತ್ತಿ ಸಾಕಿದವಳು ಅವಳೇ. ಹಾಸ್ಟೆಲೊಂದರ ಅಡುಗೆಮನೆಯಲ್ಲಿ ದುಡಿದಳು, ಮದುವೆಯಾದಳು, ಗಂಡನನ್ನು ಬೇಗ ಕಳೆದುಕೊಂಡಳು, ಮತ್ತೆ ತಮ್ಮನ ಮನೆಗೇ ಬಂದು ಸೌಟು ಹಿಡಿದಳು. ಆಯುಷ್ಯವೆಲ್ಲ ಮೆಣಸಿನಕಾಯಿ ಹುರಿದ ಘಾಟಿಗೆ ಅವಳ ಮೂಗು ಸತ್ತೇಹೋಗಿತ್ತು. ಹಾಲು ಸೀದರೂ ಗೊತ್ತಾಗುತ್ತಿರಲಿಲ್ಲ. "ನಿನ್ನ ಮೂಗಲ್ಲಿ ಅರ್ಧ ನಂಗೆ ಕೊಡೋ, ನನ್ನ ಧೈರ್ಯದಲ್ಲಿ ಅರ್ಧ ನೀನು ತಗೋ, ಇಬ್ರೂ ಮನುಷ್ಯರಾಗ್ತೀವಿ" ಎನ್ನುತ್ತಿದ್ದಳು.

ಅವಳಿಗೆ ಧೈರ್ಯವೋ ಧೈರ್ಯ. ಬಚ್ಚಲಿನಲ್ಲಿ ಹಾವು ಕಂಡಾಗ ಪೊರಕೆ ತೋರಿಸಿ "ಹೋಗಾಚೆ, ಇಲ್ಲೇನಿದೆ ನಿಂಗೆ" ಎಂದು ಗದರಿಸಿ ಕಳಿಸಿದವಳು. ತಮ್ಮ ಆಗ ಮಂಚದ ಮೇಲೆ ನಿಂತಿದ್ದ. ಆ ಕತೆಯನ್ನು ಬೀದಿಯ ಹೆಂಗಸರ ಮುಂದೆ ಅವಳು ಎಷ್ಟು ಸಲ ಹೇಳಿದಳೆಂದರೆ, ಹೇಳಿದಷ್ಟೂ ಮಂಚ ಎತ್ತರವಾಗುತ್ತ ಹೋಯಿತು. ಅವನು ನಗುತ್ತಿದ್ದ, ಮೇಲ್ಮೇಲೆ. ಒಳಗೊಳಗೆ ಒಂದು ಆಸೆ ಇತ್ತು, ಯಾರಿಗೂ ಹೇಳಿರಲಿಲ್ಲ: ಹೆದರಿಕೆ ಅಂದರೆ ಏನು ಎಂದು ಇವಳಿಗೂ ಒಂದೇ ಒಂದು ಸಲ ಗೊತ್ತಾಗಲಿ.

ಕೆಲಸದಿಂದ ನಿವೃತ್ತನಾದ ಮೇಲೆ ನೊರೆಯಣ್ಣ ಮನೆಯ ಹಿಂದೆ ತರಕಾರಿ ಹಾಕಿದ. ನೀರಿನ ತೊಟ್ಟಿಗೂ ಕಾಂಪೌಂಡ್ ಗೋಡೆಗೂ ನಡುವೆ ಉದ್ದಕ್ಕೆ ಪಾತಿ ಮಾಡಿ ಬೀಟ್‌ರೂಟ್, ಮೂಲಂಗಿ, ಹುರುಳಿಕಾಯಿ, ಟೊಮೆಟೊ, ಕೊತ್ತಂಬರಿ ಬೆಳೆದ. ತೋಟಕ್ಕೂ ಹೆದರುವವನೇ ಬೇಕು, ನನ್ನ ಮಾತು ನಂಬಿ. ಧೈರ್ಯವಂತ ವಾರಕ್ಕೊಮ್ಮೆ ನೋಡುತ್ತಾನೆ. ಪುಕ್ಕಲ ಎಲೆ ಎಲೆ ಮಗುಚಿ ನೋಡುತ್ತಾನೆ. ಹುರುಳಿಕಾಯಿ ಎಲೆಯ ಅಡಿಗೆ ಗಿಡಹೇನು ಕೂತಿದ್ದರೆ ಹಳೆಯ ಬ್ರಷ್ಷು ತಂದು ಸೋಪಿನ ನೀರು ಬಳಿಯುತ್ತಿದ್ದ. ಎಳೆ ಸಸಿಯ ಸುತ್ತ ಬೂದಿ ಚೆಲ್ಲುತ್ತಿದ್ದ. ಬಸವನಹುಳುಗಳನ್ನು ಇಕ್ಕಳದಲ್ಲಿ ಹಿಡಿದು ಬಕೆಟ್ಟಿಗೆ ಹಾಕಿ, ಕೊಲ್ಲಲು ಕೈ ಬಾರದೆ, ಬೀದಿ ಕೊನೆಯ ಚರಂಡಿಯವರೆಗೆ ಹೊತ್ತು ಬಿಟ್ಟುಬರುತ್ತಿದ್ದ. "ಅಳಿಯಂದಿರನ್ನ ಬಸ್ ಹತ್ತಿಸಿ ಬಂದ್ಯಾ?" ಎಂದು ಅಕ್ಕ ಕೇಳುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಬೀಟ್‌ರೂಟಿನ ಒಂದು ಗಿಡ ಸೊಪ್ಪು ಬಾಡಿ ಮಲಗಿತ್ತು. ನೀರು ಕಮ್ಮಿಯಾಯಿತೇನೋ ಎಂದು ಹಿಡಿದರೆ ಸೊಪ್ಪು ಹಾಗೇ ಕೈಗೆ ಬಂತು. ಅಡಿಯಲ್ಲಿ ಗೆಡ್ಡೆಯೇ ಇಲ್ಲ. ಮೇಲಿನ ಟೊಪ್ಪಿಯಷ್ಟು ಉಳಿದಿತ್ತು, ಅದರ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು. ಪಾತಿಯ ಬದಿಯಲ್ಲಿ ಎರಡು ಬೆರಳು ಹೋಗುವಷ್ಟು ಬಿಲ. ಎಲೆ ತಿನ್ನುವ ಹುಳು ಕಣ್ಣಿಗೆ ಕಾಣುತ್ತದೆ. ಇದು ನೆಲದ ಒಳಗೆ, ತಾನು ಕಾಲೂರಿ ನಿಂತ ಜಾಗದ ಅಡಿಯಲ್ಲೇ ಓಡಾಡುತ್ತಿದೆ. ಆಮೇಲೆ ಅವನು ಪಾತಿಗಳ ನಡುವೆ ಕಾಲಿಡುವಾಗ ಬೆರಳು ಮುದುಡಿಕೊಂಡೇ ಇಡತೊಡಗಿದ.

ಬಿಲಕ್ಕೆ ಕಲ್ಲು ತುರುಕಿದರೆ ಪಕ್ಕದಲ್ಲಿ ಇನ್ನೊಂದು ಬಿಲ. ನೀರು ಬಿಟ್ಟರೆ ಅದು ಎಲ್ಲಿಗೆ ಹೋಯಿತೋ, ತೊಟ್ಟಿ ಖಾಲಿಯಾಯಿತೇ ಹೊರತು ಇಲಿ ಬರಲಿಲ್ಲ. ತಂತಿಯ ಬೋನು ತಂದ. ಬೀಟ್‌ರೂಟಿನ ಚೂರನ್ನು ಹಲ್ಲುಕಡ್ಡಿಗೆ ಚುಚ್ಚಿ ಬೋನಿನ ಕೊಕ್ಕೆಗೆ ಸಿಕ್ಕಿಸಿ ಇಟ್ಟ. ಬೆಳಿಗ್ಗೆ ಬಾಗಿಲು ಮುಚ್ಚಿದ ಬೋನಿನಲ್ಲಿ ಏನೋ ಅಲುಗಾಡುತ್ತಿರುವುದು ಕಂಡು "ಅಕ್ಕಾ, ಬಿತ್ತು!" ಎಂದು ಕೂಗಿ, ಹತ್ತಿರ ಬಗ್ಗಿ ನೋಡಿ, ಕಿಟಾರನೆ ಕಿರುಚಿದ. ಒಳಗೆ ಕೂತಿದ್ದು ದಪ್ಪನೆಯ ಕಪ್ಪೆ.

ಅಕ್ಕ ಬಂದು ಬರಿಗೈಯಲ್ಲಿ ಅದನ್ನೆತ್ತಿ ತೊಟ್ಟಿಯ ಹಿಂದೆ ಬಿಟ್ಟಳು. ಬೋನಿನಲ್ಲಿದ್ದ ಬೀಟ್‌ರೂಟ್ ಚೂರನ್ನೂ ಹಲ್ಲುಕಡ್ಡಿಯ ಸಮೇತ ಸೆರಗಿಗೆ ಹಾಕಿಕೊಂಡಳು. ಅದೇನೂ ಹೊಸದಲ್ಲ, ಅವಳ ಕೈಯಿಂದ ಒಂದು ಕಾಳೂ ಕಸಕ್ಕೆ ಹೋದದ್ದಿಲ್ಲ. ಆದರೆ ಅವನು ಅದನ್ನು ಗಮನಿಸಲಿಲ್ಲ. ಅವನಿಗೆ ಕೇಳಿಸಿದ್ದು ಸಂಜೆ ಬಾಗಿಲಲ್ಲಿ ಅವಳು ಹೆಂಗಸರಿಗೆ ಹೇಳುತ್ತಿದ್ದ ಮಾತು. "ಹೆದರೋರ ಮೇಲೆ ಕಪ್ಪೆ ಎಸೆದ್ರು ಅಂತಾರೆ. ನನ್ನ ತಮ್ಮನ ಮೇಲೆ ಯಾರೂ ಎಸೀಲಿಲ್ಲ, ಅವನೇ ಬೋನಿಟ್ಟು ಹಿಡಿದ!" ಬೀದಿಗೆ ಬೀದಿಯೇ ನಕ್ಕಿತು. ಮರುದಿನ ಹಾಲಿನವನು ಕೂಡ "ಏನಣ್ಣಾ, ಕಪ್ಪೆ ಹೇಗಿದೆ?" ಎಂದ.

ಅವನಿಗೆ ನಾಟಿತು. ಇಷ್ಟು ವರ್ಷ ನಾಟದ್ದು ಅವತ್ತು ಯಾಕೆ ನಾಟಿತೋ, ಕೆಲವು ಮಾತಿಗೆ ಒಂದು ದಿನ ಅಂತ ಇರುತ್ತದೆ. ನೇರ ಬೀಜದಂಗಡಿಗೆ ಹೋದ. ವಿಷ ಎಂಬ ಪದ ಬಾಯಲ್ಲಿ ಬಂದರೆ ಬಾಯಿ ತೊಳೆದುಕೊಳ್ಳುತ್ತಿದ್ದ ಮನುಷ್ಯ, ಅಂಗಡಿಯವನ ಮುಂದೆ ನಿಂತು ಇಲಿ ಪಾಷಾಣ ಕೇಳಿದ.

ಅಂಗಡಿಯವನು ಪೊಟ್ಟಣ ಕೊಡುವ ಮುಂಚೆ ಹೇಳಬೇಕಾದ್ದನ್ನೆಲ್ಲ ಹೇಳಿದ. "ಕೈಗೆ ಗ್ಲೌಸ್ ಹಾಕ್ಕೊಳ್ಳಿ. ಬೆಳ್ಳುಳ್ಳಿ ಥರ ವಾಸನೆ ಬರುತ್ತೆ, ಮೂಸೋಕೆ ಹೋಗ್ಬೇಡಿ. ಮುಖ್ಯ, ಮನೆಯವರಿಗೆಲ್ಲ ಹೇಳಿಡಿ."

"ಹೇಳ್ತೀನಿ" ಎಂದ ನೊರೆಯಣ್ಣ.

ಹೇಳಲಿಲ್ಲ. ಹೇಳಿದರೆ ಅಕ್ಕ ನಗುತ್ತಾಳೆ. ಇಲಿ ಸಾಯದಿದ್ದರೆ ಇನ್ನೂ ನಗುತ್ತಾಳೆ. ಸತ್ತ ಇಲಿಗಳನ್ನು ಸಾಲಾಗಿ ತೋರಿಸಿಯೇ ಹೇಳಬೇಕು ಎಂದು ತೀರ್ಮಾನಿಸಿದ.

ಸಂಜೆ, ಸಾಮಾನಿನ ಕೋಣೆಯ ಬಾಗಿಲು ಹಾಕಿಕೊಂಡು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತ. ಬೀಟ್‌ರೂಟುಗಳನ್ನು ಹೋಳು ಮಾಡಿ, ನಡುವೆ ಗುಳಿ ತೋಡಿ, ಪುಡಿ ಹಾಕಿ, ಮತ್ತೆ ಹೋಳು ಜೋಡಿಸಿ ಹಲ್ಲುಕಡ್ಡಿ ಚುಚ್ಚಿದ. ಚಮಚ ತುಂಬ ಹಾಕಿ ಎಂದಿದ್ದ ಅಂಗಡಿಯವನು. ಇವನ ಕೈ ಗಡಗಡ ನಡುಗಿ ಚಮಚದಲ್ಲಿ ಉಗುರಿನಷ್ಟು ಉಳಿದರೆ ಹೆಚ್ಚು. ಒಂದೊಂದು ಬಿಲದ ಬಾಯಿಗೂ ಒಂದೊಂದಿಟ್ಟು, ಗ್ಲೌಸು ಹೂತು, ಸ್ನಾನಕ್ಕೆ ನುಗ್ಗಿದ. ಸೋಪು ಹಚ್ಚಿದ, ತೊಳೆದ, ಮತ್ತೆ ಹಚ್ಚಿದ. ಸೋಪು ಬೆರಳಿನಷ್ಟು ಸವೆಯುವವರೆಗೆ ಬಚ್ಚಲಿಂದ ಈಚೆ ಬರಲಿಲ್ಲ. ಹೊರಗೆ ಅಕ್ಕ ಏನೋ ಗುನುಗುತ್ತ ಓಡಾಡುವುದು ಕೇಳುತ್ತಿತ್ತು. ಅದನ್ನವನು ಆಮೇಲೆ ಎಷ್ಟು ಸಲ ನೆನೆಸಿಕೊಂಡನೋ.

ಬೆಳಕು ಹರಿಯುತ್ತಲೇ ಪಾತಿಗೆ ಓಡಿದ. ಒಂದು ಬಿಲದ ಬಾಯಲ್ಲೂ ತುಂಡಿಲ್ಲ. ಎಲ್ಲ ಖಾಲಿ! ಅವನ ಎದೆ ಗೇಣು ಉಬ್ಬಿತು. ಕಾಫಿ ಕೊಡುವಾಗ ಅಕ್ಕ "ಏನೋ, ಮುಖ ಅರಳಿದೆ?" ಎಂದಳು. "ಮಧ್ಯಾಹ್ನ ಹೇಳ್ತೀನಿ" ಎಂದು ಬಿಗುಮಾನ ತೋರಿಸಿ, ಗೆದ್ದ ಸುದ್ದಿ ಯಾರಿಗಾದರೂ ಹೇಳಲೇಬೇಕಾಗಿದ್ದುದರಿಂದ, ಬೀಜದಂಗಡಿಗೆ ಹೋದ. ಅಂಗಡಿಯಲ್ಲಿ ಗಿರಾಕಿಗಳ ಗಲಾಟೆ ತಗ್ಗುವವರೆಗೆ ಚೀಲದ ಮೇಲೆ ಕೂತು ಕಾದ.

"ಒಂದೂ ಬಿಟ್ಟಿಲ್ಲ, ಎಲ್ಲ ತಿಂದು ಹಾಕಿವೆ" ಎಂದ.

"ಹೌದಾ? ಎಷ್ಟು ಸತ್ತು ಬಿದ್ದಿದ್ವು?" ಎಂದು ಕೇಳಿದ ಅಂಗಡಿಯವನು.

"ಸತ್ತಿದ್ದು... ಕಾಣಿಸಲಿಲ್ಲ. ಒಳಗೇ ಸತ್ತಿರಬೇಕು."

"ಒಂದೆರಡಾದ್ರೂ ಈಚೆ ಬಿದ್ದಿರಬೇಕಲ್ಲ. ಅದೂ ಅಲ್ದೆ, ಇಟ್ಟ ರಾತ್ರಿಯೇ ಎಲ್ಲ ತುಂಡೂ ಖಾಲಿ ಮಾಡೋದಿಲ್ಲ ಇಲಿಗಳು. ಅವಕ್ಕೆ ಅನುಮಾನ ಜಾಸ್ತಿ, ನಮಗಿಂತ." ಅಂಗಡಿಯವನು ಬೀಜ ತೂಗುತ್ತಲೇ ಹೇಳಿದ. "ನೋಡಿ ಯಜಮಾನ್ರೇ, ಇಲಿ ತಿಂದಿಲ್ಲ ಅನ್ಸುತ್ತೆ. ಬೇರೆ ಯಾರೋ ತೆಗೆದಿದಾರೆ."

ಬೇರೆ ಯಾರೋ. ಬೀದಿಯ ಮಕ್ಕಳು? ಗೋಡೆ ಎತ್ತರ, ಬರಲಾರವು. ನಾಯಿ? ನಾಯಿ ಬೀಟ್‌ರೂಟ್ ತಿನ್ನುತ್ತದೆಯೇ? ಅವನು ಎದ್ದು ನಡೆದ, ನಡೆಯುತ್ತಿದ್ದವನು ಓಡಿದ. ದಾರಿಯಲ್ಲಿ ಅವನು ದಿನವೂ ಸುತ್ತುಬಳಸಿ ತಪ್ಪಿಸಿಕೊಳ್ಳುತ್ತಿದ್ದ ಕರಿನಾಯಿ ಅಡ್ಡ ಮಲಗಿತ್ತು. ಅದನ್ನು ದಾಟಿದ್ದೇ ಅವನಿಗೆ ಗೊತ್ತಾಗಲಿಲ್ಲ.

ಮೊದಲು ಪಾತಿಗೆ ಹೋದ. ಬೆಳಿಗ್ಗೆ ನೆಟ್ಟಗಿದ್ದ ಇನ್ನೊಂದು ಬೀಟ್‌ರೂಟ್ ಗಿಡ ಈಗ ಸೊಪ್ಪು ಚೆಲ್ಲಿ ಮಲಗಿತ್ತು. ಬಿಲದ ಬಾಯಲ್ಲಿ ಹಸಿ ಮಣ್ಣು. ಇಲಿಗಳು ಗುಂಡುಕಲ್ಲಿನ ಹಾಗೆ ಇವೆ, ಹೊಟ್ಟೆ ತುಂಬ ತಿಂದು ಸುಖವಾಗಿವೆ. ಹಾಗಾದರೆ ತುಂಡುಗಳು ಎಲ್ಲಿ?

ಹಿಂಬಾಗಿಲಿಂದ ಅಡುಗೆಮನೆಗೆ ಕಾಲಿಟ್ಟ. ಒಲೆಯ ಮೇಲೆ ದೊಡ್ಡ ಬಾಣಲೆಯಲ್ಲಿ ಬೀಟ್‌ರೂಟ್ ಪಲ್ಯ ಮುಚ್ಚಿಟ್ಟಿತ್ತು, ಇನ್ನೂ ಕೈ ಹಾಕಿಲ್ಲ. ತಟ್ಟೆ ತೆಗೆದು ಮೂಸಿದ. ಏನಿಲ್ಲ, ಬರೀ ಪಲ್ಯ. ಉಸಿರು ಬಿಡಬೇಕೆನ್ನುವಷ್ಟರಲ್ಲಿ ಕಿಟಕಿಯ ಕಡೆಯಿಂದ ಎಳೆಯಷ್ಟು ಬೆಳ್ಳುಳ್ಳಿಯ ವಾಸನೆ ಬಂತು. ಮನೆಯಲ್ಲಿ ಬೆಳ್ಳುಳ್ಳಿ ಮುಗಿದು ವಾರವಾಗಿತ್ತು. ಕಿಟಕಿಯ ಕಟ್ಟೆಯ ಮೇಲೆ ಒಂದು ಸಣ್ಣ ಬಾಣಲೆ, ತೊಳೆದು ಬೋರಲು ಹಾಕಿದ್ದು. ಅದರ ಪಕ್ಕದಲ್ಲಿ ಸಿಪ್ಪೆಯ ಬುಟ್ಟಿ. ಬುಟ್ಟಿಯ ಪಕ್ಕದಲ್ಲಿ, ಮತ್ತೆ ಬಳಸಲು ತೊಳೆದು ಒಣಗಲು ಸಾಲಾಗಿ ಜೋಡಿಸಿಟ್ಟ ಹಲ್ಲುಕಡ್ಡಿಗಳು.

ನೊರೆಯಣ್ಣ ಗೋಡೆ ಹಿಡಿದು ಹಿಡಿದು ನಡುಮನೆ ದಾಟಿದ. ಹಗಲು ಹೊತ್ತು ನೆಲಕ್ಕೆ ಬೆನ್ನು ಹಚ್ಚದ ಅಕ್ಕ ಕೋಣೆಯಲ್ಲಿ ಚಾಪೆಯ ಮೇಲೆ ಮಗ್ಗುಲಾಗಿ, ಮಂಡಿ ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದಳು.

"ಬಂದ್ಯಾ? ಹಸಿವಾಗ್ತಿತ್ತು ಅಂತ ಬೇಗ ಉಂಡೆ. ಯಾಕೋ ಹೊಟ್ಟೆ ಉರೀತಿದೆ, ಒಂದ್ಸಲ ವಾಂತಿನೂ ಆಯ್ತು. ಗ್ಯಾಸ್ ಇರ್ಬೇಕು, ನಿನ್ನ ಗೋದಾಮಿಂದು" ಎಂದು ನಗಲು ನೋಡಿದಳು.

"ಅಕ್ಕಾ, ಬಿಲದ ಹತ್ರ ಇದ್ದ ಬೀಟ್‌ರೂಟು..."

"ನಿನ್ನೆ ಕೊತ್ತಂಬರಿ ಕೀಳೋಕೆ ಹೋದಾಗ ಎತ್ಕೊಂಡು ಬಂದೆ. ಕಡ್ಡಿ ನೀನು ಬೋನಿಗೆ ಅಂತ ಚುಚ್ಚಿದ್ದು ಅಂದ್ಕೊಂಡೆ. ಇಲಿ ನಡುವೆ ಕೊರೆದಿದ್ದು ಅಷ್ಟನ್ನ ಕೆತ್ತಿ ಹಾಕ್ದೆ, ಉಳಿದಿದ್ದು ಚೆನ್ನಾಗೇ ಇತ್ತಲ್ಲ."

"ಅದು ಇಲಿ ಕೊರೆದಿದ್ದಲ್ಲಕ್ಕಾ. ನಾನು ಕೊರೆದಿದ್ದು. ವಿಷ ಇಟ್ಟಿದ್ದೆ."

ಅಕ್ಕ ಅವನನ್ನೇ ನೋಡಿದಳು. ನಗಲಿಲ್ಲ, ಬೈಯಲಿಲ್ಲ. "ನೀನು? ವಿಷ ತಂದ್ಯಾ?" ಎಂದಳು, ಬೇರೆ ಯಾರ ಮನೆಯದೋ ಸುದ್ದಿ ಕೇಳುವ ಹಾಗೆ. ಆಮೇಲೆ ಕೈ ನಿಧಾನವಾಗಿ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಆಟೋ ಹೇಗೆ ಸಿಕ್ಕಿತು, ಅವಳನ್ನು ಹೇಗೆ ಕೂರಿಸಿದ, ಅವನಿಗೆ ನೆನಪಿಲ್ಲ. ಪೊಟ್ಟಣವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮರೆಯದೆ ತಂದಿದ್ದ, ಗೋದಾಮಿನ ಅಭ್ಯಾಸ ಅಷ್ಟಾದರೂ ಕೈ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಸ್ಟ್ರೆಚರನ್ನು ಲಿಫ್ಟಿಗೆ ನೂಕಿದರು, ಹಿಂದೆಯೇ ಅವನೂ ಹೋದ. ಬಾಗಿಲು ಮುಚ್ಚಿತು. ಲಿಫ್ಟಿಗಿಂತ ದೊಡ್ಡ ಹೆದರಿಕೆಯೊಂದು ಪಕ್ಕದಲ್ಲಿ ಮಲಗಿರುವಾಗ ಲಿಫ್ಟು ಯಾವ ಲೆಕ್ಕ.

ಡಾಕ್ಟರಮ್ಮ ಪೊಟ್ಟಣ ನೋಡಿ ಹುಬ್ಬು ಗಂಟಿಕ್ಕಿದರು. "ಎಷ್ಟು ಹಾಕಿದ್ರಿ?"

"ಹೆದರ್ಕೊಂಡು ಹೆದರ್ಕೊಂಡು ಹಾಕ್ದೆ ತಾಯಿ. ಉಗುರಿನಷ್ಟು. ಅದೂ ಕೈ ನಡುಗಿ ಅರ್ಧ ಕೆಳಗೆ ಬಿತ್ತು."

"ಇದಕ್ಕೆ ಪ್ರತಿ ಮದ್ದು ಅಂತ ಇಲ್ಲ. ಮಾಡೋದೆಲ್ಲ ಮಾಡ್ತೀವಿ. ಇವತ್ತು ನಾಳೆ ಕಳೀಬೇಕು" ಎಂದು ಒಳಗೆ ಹೋದರು.

ಸಂಜೆಯ ಹೊತ್ತಿಗೆ ಅವನನ್ನು ಹತ್ತಿರ ಬಿಟ್ಟರು. ಅಕ್ಕನ ಮೂಗಿಗೆ ನಳಿಕೆ, ಕೈಗೆ ಸೂಜಿ. ತುಟಿ ಬಿಳಿಚಿತ್ತು. ಅವಳು ಅವನ ಮುಂಗೈ ಹಿಡಿದುಕೊಂಡಳು. ಹಿಡಿತ ಎಷ್ಟು ಬಿಗಿಯೆಂದರೆ ಉಗುರು ಒಳಗಿಳಿಯಿತು.

"ನಂಗೆ ಹೆದರಿಕೆ ಆಗ್ತಿದೆ ಕಣೋ."

ಜನ್ಮದಲ್ಲಿ ಮೊದಲ ಸಲ ಅವಳ ಬಾಯಿಂದ ಬಂದ ಮಾತು. ಅವನು ಬಯಸಿದ್ದೇ ಇದನ್ನು, ಇಷ್ಟನ್ನೇ. ಈಗ ಅದು ಕಿವಿಗೆ ಬಿದ್ದಾಗ ಅವನಿಗೆ ತನ್ನ ಎದೆಯನ್ನೇ ಕಿತ್ತು ಎಸೆಯುವಷ್ಟು ಸಂಕಟವಾಯಿತು. ಮಂಚದ ಕತೆಯನ್ನು ಅವಳು ಇನ್ನೂ ನೂರು ಸಲ ಹೇಳಲಿ, ಮಂಚ ಆಕಾಶ ಮುಟ್ಟಲಿ, ಈ ಮಾತೊಂದನ್ನು ವಾಪಸು ತಗೊಂಡರೆ ಸಾಕು ಎನ್ನಿಸಿತು.

"ಏನೂ ಆಗಲ್ಲಕ್ಕಾ" ಎಂದ. ಅವನ ಹಲ್ಲು ಕಟಕಟಿಸುತ್ತಿತ್ತು.

ಅವಳು ನಿದ್ದೆ ಹೋಗದಿರಲಿ ಎಂದೋ ಏನೋ, ಕೇಳಿದ. "ಆ ಸಣ್ಣ ಬಾಣಲೆ ಯಾವುದಕ್ಕಾ? ನಾನು ನೋಡೇ ಇಲ್ಲ."

"ನೀನು ಅಡುಗೆಮನೇಲಿ ಏನು ನೋಡಿದೀಯ? ತಟ್ಟೆ ನೋಡಿದೀಯ ಅಷ್ಟೆ." ಅವಳ ಧ್ವನಿ ಪಿಸುಮಾತಿನಷ್ಟಿತ್ತು. "ಇಲಿ ಮುಟ್ಟಿದ್ದು ಅಂದ್ರೆ ನೀನು ಹೆದರಿ ಉಪವಾಸ ಬೀಳ್ತಿದ್ದೆ. ಬಿಸಾಡೋಕೆ ನಂಗೆ ಮನಸ್ಸು ಬರಲ್ಲ. ಅದಕ್ಕೆ ಚೆನ್ನಾಗಿರೋದು ನಿಂಗೆ ದೊಡ್ಡದ್ರಲ್ಲಿ, ಕಚ್ಚಿದ್ದು ಕೊಳೆತದ್ದು ಕೆತ್ತಿ ನಂಗೆ ಸಣ್ಣದ್ರಲ್ಲಿ."

"ಯಾವಾಗಿಂದ?"

"ಯಾವಾಗಿಂದ ಏನು, ನೀನು ಚಡ್ಡಿ ಹಾಕ್ಕೊಳ್ತಿದ್ದಾಗಿಂದ."

ಇದಕ್ಕೆ ದೊಡ್ಡ ದೊಡ್ಡ ಹೆಸರಿಟ್ಟರೆ ಅಕ್ಕ ಸೌಟು ಎತ್ತಿಕೊಂಡು ಬರುತ್ತಾಳೆ, ನಾನು ಇಡುವುದಿಲ್ಲ. ನೊರೆಯಣ್ಣ ಮಾತ್ರ ಕಾರಿಡಾರಿಗೆ ಹೋಗಿ, ನೀರಿನ ಫಿಲ್ಟರಿನ ಹಿಂದೆ ನಿಂತು, ಮುಖಕ್ಕೆ ಟವೆಲ್ ಒತ್ತಿಕೊಂಡು ಅತ್ತ. ಸಿಲಿಂಡರಿನ ಬಾಯಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದರೂ ಹಿಡಿಯುತ್ತಿದ್ದವನಿಗೆ ತನ್ನ ಮನೆಯ ಒಲೆಯ ಮೇಲಿನ ಎರಡನೇ ಬಾಣಲೆ ಕಂಡಿರಲಿಲ್ಲ.

ಅವಳು ಉಳಿದಳು. ವಾರ ಕಳೆದು ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಗುಳಿ ಇದ್ದ ಭಾಗಾನ ಕೆತ್ತಿ ಹಾಕಿದ್ರಲ್ಲ, ಅದು ಒಳ್ಳೇದಾಯ್ತು. ನೀವು ಹಾಕಿದ್ದೂ ಕಮ್ಮಿ. ಇನ್ನೊಬ್ಬರಾಗಿದ್ರೆ ಚಮಚ ತುಂಬ ಹಾಕಿರೋರು" ಎಂದರು. ಪುಕ್ಕಲುತನ ಕೊನೆಗೂ ಮನೆಯಲ್ಲಿ ಒಮ್ಮೆ ಉಪಯೋಗಕ್ಕೆ ಬಂತು ಎಂದು ನೀವು ನಗಬಹುದು. ಆ ಮನೆಯಲ್ಲಿ ಯಾರೂ ನಗಲಿಲ್ಲ.

ಯಾಕೆಂದರೆ ಮನೆಗೆ ಬಂದವಳು ಹೋದ ಅಕ್ಕ ಆಗಿರಲಿಲ್ಲ. ಸೊಪ್ಪು ತೊಳೆದು ಇಟ್ಟವಳು ಮತ್ತೆ ಎದ್ದುಹೋಗಿ ತೊಳೆಯುತ್ತಿದ್ದಳು. ಸತ್ತ ಮೂಗನ್ನು ಪಾತ್ರೆಗೆ ತಗುಲಿಸಿ ಮೂಸುತ್ತಿದ್ದಳು, ಏನೂ ಗೊತ್ತಾಗದೆ ಇನ್ನಷ್ಟು ಹೆದರುತ್ತಿದ್ದಳು. ಬಚ್ಚಲಿನ ದೀಪ ಹಾಕದೆ ಒಳಗೆ ಹೋಗುತ್ತಿರಲಿಲ್ಲ. ಬಾಗಿಲಲ್ಲಿ ಕೂತು ಕತೆ ಹೇಳುವುದು ನಿಂತಿತು. ಬೀದಿಯ ಹೆಂಗಸರು ಬಂದು ಕಪ್ಪೆಯ ಸುದ್ದಿ ತೆಗೆದರೂ "ಹೂಂ" ಅನ್ನುತ್ತಿದ್ದಳು, ಅಷ್ಟೆ. ನೊರೆಯಣ್ಣ ಉಳಿದ ಪುಡಿಯನ್ನು ಅಂಗಡಿಗೆ ಹಿಂತಿರುಗಿಸಿದ. ಪಾತಿಯ ತಳಕ್ಕೆ, ಗೋಡೆಯ ಬುಡಕ್ಕೆ, ಮೊಳದ ಆಳ ಅಗೆದು ಸಣ್ಣ ಕಣ್ಣಿನ ತಂತಿಬಲೆ ಹೂಳಿದ. ಬೆನ್ನು ಬಿದ್ದುಹೋಗುವ ಕೆಲಸ. ಮೊದಲೇ ಮಾಡಬೇಕಾಗಿದ್ದ ಕೆಲಸ. ಇಲಿಗಳು ಕಮ್ಮಿಯಾದವು, ಪೂರ್ತಿ ಹೋಗಲಿಲ್ಲ. ಅಲ್ಲೊಂದು ಇಲ್ಲೊಂದು ಗೆಡ್ಡೆಗೆ ಹಲ್ಲಿನ ಗುರುತು ಇದ್ದೇ ಇರುತ್ತಿತ್ತು.

ಈಗ ಅಡುಗೆಮನೆಯಲ್ಲಿ ಒಂದೇ ಬಾಣಲೆ. ಸಣ್ಣದನ್ನು ಅವನು ಹಳೇ ಪಾತ್ರೆಯವನಿಗೆ ಕೊಟ್ಟುಬಿಟ್ಟ. ಕಚ್ಚಿದ್ದು, ಕಚ್ಚದ್ದು ಎಲ್ಲ ಒಟ್ಟಿಗೆ ಬೇಯುತ್ತದೆ, ಕೆತ್ತುವವನು ಅವನೇ. ಊಟಕ್ಕೆ ಕೂತರೆ ಅಕ್ಕ ತಟ್ಟೆ ಮುಂದಿಟ್ಟುಕೊಂಡು ಕೈ ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ. ಅವನು ಬಗ್ಗಿ ಅವಳ ತಟ್ಟೆ ಮೂಸುತ್ತಾನೆ, ಅದರಿಂದಲೇ ಮೊದಲ ತುತ್ತು ತೆಗೆದು ತಿನ್ನುತ್ತಾನೆ. ಅವನು ಅಗಿಯುವುದನ್ನು, ನುಂಗುವುದನ್ನು ಅವಳು ರೆಪ್ಪೆ ಬಡಿಯದೆ ನೋಡುತ್ತಿರುತ್ತಾಳೆ. ಅವನಿಗೂ ಹೆದರಿಕೆಯೇ. ತುತ್ತು ಗಂಟಲಲ್ಲಿ ಇಳಿಯುವವರೆಗೂ ಅವನ ಜೀವ ಬಾಯಲ್ಲೇ ಇರುತ್ತದೆ. ಆದರೆ ಅದನ್ನು ಮುಖದಲ್ಲಿ ತೋರಿಸುವಂತಿಲ್ಲ, ತೋರಿಸಿದರೆ ಅವತ್ತು ಅವಳಿಗೆ ಉಪವಾಸ.

ನುಂಗಿ, ನೀರು ಕುಡಿದು, ಅವನು ಗಟ್ಟಿಯಾಗಿ ಹೇಳುತ್ತಾನೆ.

"ಸೋರ್ತಿಲ್ಲ."

ಆಮೇಲೆ ಅಕ್ಕ ತಟ್ಟೆಗೆ ಕೈ ಹಾಕುತ್ತಾಳೆ.